ಉಪಯೋಗವೇನು ಎನ್ನುವವರಿಗೆ ಒಬ್ಬ ಲೆಕ್ಕಿಗನ ಉತ್ತರ

ಅಮೆರಿಕದ ನಮ್ಮ ಕನ್ನಡ ಬಳಗಗಳಲ್ಲಿ ಮೂಲವಿಜ್ಞಾನದ ಮಾತು ಬಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅದರಿಂದ ಏನು ಉಪಯೋಗ?" ಊರಿಗೆ ಹೋದರೆ ಬೆಂಗಳೂರಿನಲ್ಲೂ ಇದೇ ಪ್ರಶ್ನೆ. ನಾನು ಬಿ.ಕಾಂ. ಓದಿ ಸಿಎ ಮಾಡಿದವನಾದ್ದರಿಂದ, ನಾನು ಅವರ ಪಕ್ಷದ ಸಾಕ್ಷಿ ಎಂದು ಅವರೆಲ್ಲ ಭಾವಿಸುತ್ತಾರೆ. ಲೆಕ್ಕ ಬಲ್ಲವನು ದುಂದುವೆಚ್ಚವನ್ನು ಒಪ್ಪುತ್ತಾನೆಯೇ ಎಂಬ ಲೆಕ್ಕಾಚಾರ. ಆ ಸಾಕ್ಷಿಕಟ್ಟೆಯಿಂದ ಕೆಳಗಿಳಿಯಲೆಂದೇ ಇದನ್ನು ಬರೆಯುತ್ತಿದ್ದೇನೆ. "ಏನು ಉಪಯೋಗ" ಎಂದು ಕೇಳುವವರು ಲೆಕ್ಕ ಕೇಳುತ್ತಿಲ್ಲ. ಲೆಕ್ಕವನ್ನು ತೆರೆಯುವ ಮೊದಲೇ ಮುಚ್ಚುತ್ತಿದ್ದಾರೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಾನಿರುವ ಡೆಸ್ ಪ್ಲೇನ್ಸ್‌ನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಬಟೇವಿಯಾದಲ್ಲಿ, ಫರ್ಮಿಲ್ಯಾಬ್ ಇದೆ. 1982ರಲ್ಲಿ ಅಲ್ಲಿದ್ದ ಜೇಮ್ಸ್ ಬ್ಯೋರ್ಕನ್ ಒಂದು ಕರಡು ಪ್ರಬಂಧ ಬರೆದರು. ಪ್ರೋಟಾನಿನೊಳಗಿನ ಕ್ವಾರ್ಕ್ ಮತ್ತು ಗ್ಲುವಾನ್‌ಗಳಿಗೆ ಒಟ್ಟಾಗಿ ಪಾರ್ಟಾನ್ ಎಂದು ಹೆಸರು. ಎರಡು ಪಾರ್ಟಾನ್‌ಗಳು ಬಲವಾಗಿ ಡಿಕ್ಕಿ ಹೊಡೆದರೆ, ಬೆನ್ನಿಗೆ ಬೆನ್ನು ಮಾಡಿ ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ಪ್ರತಿಯೊಂದೂ ಕಣಗಳ ಒಂದು ಎರಚಲಾಗಿ ಹೊರಬರುತ್ತದೆ. ಅದೇ ಜೆಟ್. ಡಿಕ್ಕಿಯ ಜಾಗದಲ್ಲಿ ಕುದಿಯುವ ಕ್ವಾರ್ಕ್-ಗ್ಲುವಾನ್ ದ್ರವ್ಯ ಇದ್ದರೆ ಏನಾದೀತು? ಜಾತ್ರೆಯ ಅಂಚಿನಲ್ಲಿ ನಿಂತ ಇಬ್ಬರು ಹುಡುಗರನ್ನು ನೆನೆಯಿರಿ. ಹೊರಗೆ ಓಡಿದವನು ಸಲೀಸಾಗಿ ಪಾರಾಗುತ್ತಾನೆ. ಗುಂಪಿನೊಳಕ್ಕೆ ನುಗ್ಗಿದವನು ಆಚೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಒಂದು ಜೆಟ್ ಪಾರಾಗಿ ಇನ್ನೊಂದು ಪೂರ್ತಿ ಅಡಗಿಹೋಗಬಹುದು ಎಂದು ಬ್ಯೋರ್ಕನ್ ಸೂಚಿಸಿದರು. ವಿಶೇಷವೆಂದರೆ, ಅವರ ಮನಸ್ಸಿನಲ್ಲಿದ್ದದ್ದು ಭಾರವಾದ ಚಿನ್ನವೋ ಸೀಸವೋ ಅಲ್ಲ, ಪ್ರೋಟಾನಿನಂಥ ಸಣ್ಣ ಕಣಗಳ ಡಿಕ್ಕಿ.

ನಷ್ಟ ಮೊದಲು ಕಂಡದ್ದು ದೊಡ್ಡ ಗುಂಪಿನಲ್ಲಿ. ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್‌ನಲ್ಲಿ 2000ದಲ್ಲಿ ಶುರುವಾದ ಯಂತ್ರದಲ್ಲಿ ಚಿನ್ನದ ಬೀಜಾಣುಗಳನ್ನು ನೇರಾನೇರ ಡಿಕ್ಕಿ ಹೊಡೆಸಿದಾಗ, ಹೆಚ್ಚು ವೇಗದ ಕಣಗಳು ನಿರೀಕ್ಷೆಯ ಐದನೇ ಒಂದು ಭಾಗಕ್ಕೆ ಇಳಿದಿದ್ದವು. ನಮ್ಮಂಥವರಾಗಿದ್ದರೆ ಅಂದೇ ಹಾರ ತುರಾಯಿ ತರಿಸುತ್ತಿದ್ದೆವು. ಅವರು ಮಾಡಿದ್ದೇ ಬೇರೆ. ಚಿನ್ನದ ಬೀಜಾಣುವೇ ಮೂಲದಲ್ಲಿ ಬೇರೆ ರೀತಿ ಇದ್ದು ಕೊರತೆ ಹಾಗೆ ಕಾಣುತ್ತಿದೆಯೇ ಎಂದು ತಿಳಿಯಲು, 2003ರಲ್ಲಿ ಪುಟ್ಟ ಡ್ಯೂಟೆರಾನನ್ನು ಚಿನ್ನಕ್ಕೆ ಹೊಡೆಸಿ ನೋಡಿದರು. ಕೊರತೆ ಮಾಯವಾಗಿತ್ತು. ಅಂದರೆ ನಷ್ಟ ಆಗಿದ್ದು ಡಿಕ್ಕಿಯ ನಂತರ, ಆ ಬಿಸಿ ದ್ರವ್ಯದೊಳಗೆ. ನಮ್ಮ ಭಾಷೆಯಲ್ಲಿ ಇದಕ್ಕೆ ಆಡಿಟ್ ಎನ್ನುತ್ತಾರೆ.

ಆಮೇಲೆ ತಾಳೆಯಾಗದ ಒಂದು ವ್ಯತ್ಯಾಸ ಎದ್ದಿತು. 2010ರಿಂದೀಚೆಗೆ ಜಿನೀವಾ ಬಳಿಯ ಸರ್ನ್‌ನ ದೊಡ್ಡ ಯಂತ್ರದಲ್ಲಿ ಪ್ರೋಟಾನ್-ಪ್ರೋಟಾನ್, ಪ್ರೋಟಾನ್-ಸೀಸ ಡಿಕ್ಕಿಗಳಲ್ಲೂ ಕಣಗಳು ದ್ರವದಂತೆ ಒಟ್ಟಾಗಿ ಹರಿಯುವ ಗುರುತುಗಳು ಸಿಕ್ಕವು. ಹರಿವು ಇದ್ದರೆ ದ್ರವ್ಯ ಇರಬೇಕು. ದ್ರವ್ಯ ಇದ್ದರೆ ಜೆಟ್‌ಗೆ ನಷ್ಟ ಆಗಬೇಕು. ನಷ್ಟ ಮಾತ್ರ ಕಾಣಲಿಲ್ಲ. ಜಮಾ ಬದಿಯಲ್ಲಿ ದಾಖಲೆ ಇದೆ, ಖರ್ಚಿನ ಬದಿ ಖಾಲಿ. ಬಲವಂತವಾಗಿ ತಾಳೆ ಮಾಡುವ ಕಲೆ ನಮ್ಮ ವೃತ್ತಿಯಲ್ಲಿ ಯಾರಿಗೆ ಗೊತ್ತಿಲ್ಲ? ಭೌತವಿಜ್ಞಾನಿಗಳು ಹಾಗೆ ಮಾಡಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಸಸ್ಪೆನ್ಸ್ ಖಾತೆಯಲ್ಲೇ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಹುಡುಕಿದರು.

ಹುಡುಕುವುದು ಕಷ್ಟವಿತ್ತು. ಸೀಸದ ಬೀಜಾಣುಗಳು ಅಂಚಿಗೆ ಅಂಚು ತಾಗಿದಾಗಲೂ ಸಣ್ಣ ಡಿಕ್ಕಿಯೇ ಆಗುತ್ತದೆ. ಆದರೆ ಒಳಗೆ ಎಷ್ಟು ಜೋಡಿ ಕಣಗಳು ಬಡಿದುಕೊಂಡವು ಎಂಬುದನ್ನು ಮಾದರಿಯೊಂದರಿಂದ ಅಂದಾಜು ಮಾಡಬೇಕು, ಮತ್ತು ಅಂಥ ಡಿಕ್ಕಿಗಳನ್ನು ಆರಿಸುವ ಕ್ರಮವೇ ಫಲಿತಾಂಶವನ್ನು ವಾಲಿಸಬಹುದು. ಹತ್ತರಷ್ಟು ನಷ್ಟ ಹುಡುಕುವವನಿಗೆ ಅಂದಾಜಿನಲ್ಲೇ ಇಪ್ಪತ್ತರ ಏರುಪೇರು ಇದ್ದರೆ ಏನು ಸಿಕ್ಕೀತು? ಅದಕ್ಕೇ ಹಗುರ ಬೀಜಾಣು ಬೇಕಾಯಿತು. ಸೀಸದಲ್ಲಿ 208 ಕಣಗಳು, ಆಕ್ಸಿಜನ್‌ನಲ್ಲಿ 16. ಯಾವ ಡಿಕ್ಕಿಯನ್ನೂ ಆರಿಸದೆ, ಬಿಡದೆ, ಒಟ್ಟು ಹುಟ್ಟುವಳಿಯನ್ನೇ ಪ್ರೋಟಾನಿನದರೊಂದಿಗೆ ಹೋಲಿಸಿದರೆ ಬೇಕಾದ ಗುಣಕ 16 ಗುಣಿಸು 16, ಅಂದರೆ 256. ಅಂದಾಜು ಹೋಯಿತು, ಮಗ್ಗಿ ಉಳಿಯಿತು.

2025ರ ಜುಲೈನಲ್ಲಿ ಕೆಲವೇ ದಿನ ಆ ಯಂತ್ರದಲ್ಲಿ ಆಕ್ಸಿಜನ್ ಮತ್ತು ನಿಯಾನ್ ಬೀಜಾಣುಗಳು ಡಿಕ್ಕಿ ಹೊಡೆದವು. ಹೋಲಿಕೆಗೆ ಬೇಕಾದ ಪ್ರೋಟಾನ್ ಡಿಕ್ಕಿಗಳನ್ನು ಅದೇ ಶಕ್ತಿಯಲ್ಲಿ 2024ರಲ್ಲೇ ದಾಖಲಿಸಿ ಇಟ್ಟುಕೊಂಡಿದ್ದರು. ಸಿಎಂಎಸ್ ತಂಡದ ಉತ್ತರ: ಕೊರತೆ ಅತಿ ಹೆಚ್ಚಿರುವ ಕಡೆ ಅನುಪಾತ ಸುಮಾರು 0.69. ನೂರು ಕಣ ಬರಬೇಕಾದಲ್ಲಿ ಸುಮಾರು 69. ಇನ್ನೂ ಹೆಚ್ಚಿನ ವೇಗದ ಕಣಗಳಿಗೆ ಹೋದಂತೆ ಕೊರತೆ ಕರಗುತ್ತದೆ. ಕಾಣೆಯಾದ 31ನ್ನೂ ಅವರು ಜೆಟ್‌ನ ನಷ್ಟದ ತಲೆಗೆ ಕಟ್ಟುವುದಿಲ್ಲ. ಆಕ್ಸಿಜನ್‌ನೊಳಗಿನ ಪಾರ್ಟಾನ್‌ಗಳ ಹಂಚಿಕೆಯೇ ಪ್ರೋಟಾನಿನದಕ್ಕಿಂತ ಕೊಂಚ ಬೇರೆ. ಅದರ ಪಾಲನ್ನು ಕಳೆಯಬೇಕು. ಕಳೆದ ಮೇಲೂ, ಶಕ್ತಿನಷ್ಟ ಇಲ್ಲದ ಲೆಕ್ಕಕ್ಕೆ ಈ ಕೊರತೆ ಹೊಂದುವುದಿಲ್ಲ. ಹದಿನಾರು ಜನರ ಗುಂಪೂ ಓಡುವವನನ್ನು ತಡೆಯಬಲ್ಲದು.

ಈಗ ಉಪಯೋಗದ ಪ್ರಶ್ನೆಗೆ ಬರೋಣ. ವಿಜ್ಞಾನದ ಪರ ವಹಿಸುವವರು ಸಾಮಾನ್ಯವಾಗಿ ಕೊಡುವ ಉತ್ತರ, "ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದೇ ಸರ್ನ್‌ನಲ್ಲಿ." ನಿಜ. ಆದರೂ ಅದು ಹಿಂಡಿ ಮಾರಿದ ದುಡ್ಡು ತೋರಿಸಿ ಗಾಣವನ್ನು ಸಮರ್ಥಿಸಿದ ಹಾಗೆ. ಗಾಣ ಇರುವುದು ಎಣ್ಣೆಗೆ. ಇಲ್ಲಿ ಎಣ್ಣೆ ಎಂದರೆ ತಿಳಿವಳಿಕೆ: ವಸ್ತು ದ್ರವ್ಯದಂತೆ ನಡೆದುಕೊಳ್ಳಲು ಕನಿಷ್ಠ ಎಷ್ಟು ಕಣ ಬೇಕು ಎಂಬ ಪ್ರಶ್ನೆಗೆ ಉತ್ತರ. ಅದು ಬೇಡ ಎನ್ನುವವರು ಹಾಗೆಂದೇ ಹೇಳಲಿ. ಖರ್ಚಿನ ನೆಪ ಬೇಡ.

ತೆರಿಗೆ ಕಟ್ಟುವವರಿಗೆ ಕೇಳುವ ಹಕ್ಕಿಲ್ಲವೇ? ಖಂಡಿತ ಇದೆ. ಎಷ್ಟು ಖರ್ಚಾಯಿತು, ಯಾವ ಪ್ರಶ್ನೆಗೆ, ತಾಳೆ ನೋಡಿದವರು ಯಾರು, ಉಳಿದ ಸಂದೇಹ ಎಷ್ಟು ಎಂದು ಕೇಳಿ. ಈ ಹಗುರ ಬೀಜಾಣುಗಳ ಕೆಲಸದಲ್ಲಿ ನಾಲ್ಕಕ್ಕೂ ಉತ್ತರ ಬರಹದಲ್ಲಿ ಸಿಗುತ್ತದೆ. ಅಷ್ಟು ಶುಚಿಯಾದ ಪುಸ್ತಕ ನಾನು ನೋಡಿದ ಕಂಪನಿಗಳಲ್ಲಿ ಅಪರೂಪ. ಆದರೆ 2025ರ ಮೇ ತಿಂಗಳಲ್ಲಿ ಶ್ವೇತಭವನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನವನ್ನು ಸುಮಾರು 900 ಕೋಟಿ ಡಾಲರಿನಿಂದ 390 ಕೋಟಿಗೆ ಇಳಿಸುವ ಪ್ರಸ್ತಾಪ ಮುಂದಿಟ್ಟಾಗ, ನಮ್ಮವರಲ್ಲಿ ಎಷ್ಟು ಮಂದಿ ಈ ಪ್ರಶ್ನೆಗಳನ್ನು ಕೇಳಿದರು? "ಉಳಿತಾಯವಾಯಿತು ಬಿಡಿ" ಎಂದವರನ್ನು ಕಂಡೆ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು, ಜೆಟ್‌ಗಳ ನಷ್ಟವನ್ನು ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಜೆಟ್‌ಸ್ಕೇಪ್ ಎಂಬ ತಂಡ ಬೆಳೆದದ್ದು ಇದೇ ಪ್ರತಿಷ್ಠಾನದ ಹಣದಿಂದ. ಅಂಥ ಕಡೆ ಪಿಎಚ್‌ಡಿಗೆ ಬರುವ ಹುಡುಗ ಹುಡುಗಿಯರಲ್ಲಿ ನಮ್ಮ ಮನೆಯವರೂ ಇರುತ್ತಾರೆ. ಲೆಕ್ಕ ನೋಡದೆ ಕತ್ತರಿಸುವುದಕ್ಕೆ ಉಳಿತಾಯ ಎಂಬ ಹೆಸರು ಸಲ್ಲದು.

ಊರಿನ ಓದುಗರಿಗೂ ಒಂದು ಮಾತು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಜಗತ್ತಿನಲ್ಲಿ ಅವು ಮೊದಲು ಕಂಡ ಎರಡು ತಾಣಗಳಲ್ಲಿ ನಮ್ಮ ಕೆಜಿಎಫ್ ಒಂದು. ಗಣಿ ನಷ್ಟದಲ್ಲಿದೆ ಎಂದು 2001ರಲ್ಲಿ ಮುಚ್ಚಿತು. ಚಿನ್ನದ ಖಾತೆ ಅಲ್ಲಿಗೆ ಮುಗಿಯಿತು. ಭೌತವಿಜ್ಞಾನದ ಪುಸ್ತಕದಲ್ಲಿ ಕೆಜಿಎಫ್ ಹೆಸರಿನ ದಾಖಲೆ ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ಯಾವುದು ಉಪಯೋಗ, ಹೇಳಿ.

ನಾವು ಕನ್ನಡದಲ್ಲಿ ಈ ವಿಷಯ ಬರೆದರೂ "ದೇವಕಣ" ಎಂಬ ತಲೆಬರಹಕ್ಕೆ ನಿಲ್ಲುತ್ತೇವೆ, ಇಲ್ಲವೇ "ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತಿತ್ತು" ಎಂಬ ಹೆಮ್ಮೆಗೆ. ಎರಡಕ್ಕೂ ವೋಚರ್ ಇಲ್ಲ. ಕೊರತೆ ಎಷ್ಟು, ಯಾವುದರೊಂದಿಗೆ ಹೋಲಿಸಿ, ಬೇರೆ ಕಾರಣಗಳನ್ನು ಕಳೆದ ಮೇಲೆ ಉಳಿದದ್ದೆಷ್ಟು ಎಂದು ಕೇಳಲು ನಮ್ಮ ನುಡಿಗೆ ಪದಗಳ ಬರವಿಲ್ಲ; ಅವೆಲ್ಲ ನಮ್ಮ ಅಂಗಡಿಗಳ ಕಡತದಲ್ಲಿ ತಲೆಮಾರುಗಳಿಂದ ಇವೆ. ಆ ಪದಗಳನ್ನು ಹಿಡಿದು ಕೇಳಿ. ಉತ್ತರ ಕೊಡುವವರು ಬಟೇವಿಯಾದಲ್ಲೂ ಡೆಟ್ರಾಯಿಟ್‌ನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಮುಂದಿನ ಯುಗಾದಿಯ ರಸಮಂಜರಿಗೆ ಅರ್ಧ ಗಂಟೆ ಕಡಿಮೆ ಮಾಡಿ ಅವರಲ್ಲೊಬ್ಬರನ್ನು ವೇದಿಕೆಗೆ ಕರೆಯಿರಿ. ಖರ್ಚು ಒಂದು ಶಾಲು, ಒಂದು ಕಾಫಿ.