ಗುಡ್ಡದ ಮೇಲೊಂದು ಆಫೀಸು

ಕಳೆದ ಜುಲೈ. ಕೊಪ್ಪದ ಸುತ್ತಮುತ್ತ ಬಿಟ್ಟೂಬಿಡದ ಮಳೆ. ನಮ್ಮೂರಿನಲ್ಲಿ ಕರೆಂಟ್ ಹೋಗಿ ಎರಡನೇ ದಿನ. ಮನೆಯಲ್ಲಿ ನೆಟ್‌ವರ್ಕ್‌ನ ಒಂದು ಕಡ್ಡಿಯೂ ಇರಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಫೋನ್. ಕಾಲಿಗೆ ಹತ್ತಿದ ಇಂಬಳ ಕಿತ್ತು ಹಾಕುತ್ತಾ ತೋಟದ ಮೇಲಿನ ಗುಡ್ಡ ಹತ್ತಿದೆ. ಸಿಗ್ನಲ್ ಸಿಕ್ಕಿದ್ದೇ ತಡ, ಮೆಸೇಜುಗಳು ಸಾಲಾಗಿ ಬಂದವು. ಮೊದಲನೆಯದು ಬೆಂಗಳೂರಿನ ಅತಿಥಿಯೊಬ್ಬರದು: ‘ನಿಮ್ಮ ಹೋಂಸ್ಟೇಯಲ್ಲಿ ವೈಫೈ ಚೆನ್ನಾಗಿದೆಯಾ?’

ನಗು ಬಂತು. ಆದರೆ ಎರಡನೇ ಮೆಸೇಜ್ ಓದಿದಾಗ ನಗು ನಿಂತಿತು. ಹಿಂದಿನ ಸಂಜೆ ಒಂದು ಬುಕಿಂಗ್ ತಾಣದಲ್ಲಿ ಕೋಣೆ ಭರ್ತಿಯಾಗಿತ್ತು. ಹಾಗಾದಾಗ ಇನ್ನೊಂದು ತಾಣದಲ್ಲಿ ಅದೇ ಕೋಣೆಯನ್ನು ಮುಚ್ಚುವುದು ನನ್ನ ಕೆಲಸ. ಕತ್ತಲಲ್ಲಿ, ನೆಟ್‌ವರ್ಕ್ ಇಲ್ಲದೆ ಕೂತಿದ್ದ ನಾನು ಮುಚ್ಚಿರಲಿಲ್ಲ. ಅಲ್ಲಿಯೂ ಯಾರೋ ಬುಕ್ ಮಾಡಿದ್ದರು. ಶನಿವಾರ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಂತವು. ಹೋಂಸ್ಟೇ ಯಜಮಾನರು ಒಂದು ಕುಟುಂಬವನ್ನು ತಮ್ಮ ಖರ್ಚಿನಲ್ಲಿ ಬೇರೆಡೆಗೆ ಕಳಿಸಿದರು. ತಿಂಗಳ ಕೊನೆಗೆ ನನ್ನ 8,000 ರೂಪಾಯಿ ಸಂಬಳದಲ್ಲಿ 3,000 ಕಡಿತವಾಗಿತ್ತು.

ತಪ್ಪು ನನ್ನದಾ, ಅವರದಾ, ಮಳೆಯದಾ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಕಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ನಮ್ಮಂಥ ಎಷ್ಟೋ ಜನರಿಗೆ ಈಗ ಇಂಥದ್ದೇ ಕೆಲಸ ಸಿಗುತ್ತಿದೆ.

ಎಂಥ ಕೆಲಸ ಅದು?

ಇದಕ್ಕೆ ‘ವರ್ಚುವಲ್ ಅಸಿಸ್ಟೆಂಟ್’ ಎಂದು ದೊಡ್ಡ ಹೆಸರಿದೆ. ಫೋನಿನಲ್ಲಿ ಮಾತಾಡುವ ಯಂತ್ರಕ್ಕೂ ಅದೇ ಹೆಸರು. ಆದರೆ ನಾನು ಹೇಳುತ್ತಿರುವುದು ಮನುಷ್ಯರ ಬಗ್ಗೆ. ದೂರದಲ್ಲಿ ಕೂತು ಒಂದು ಸಣ್ಣ ವ್ಯವಹಾರದ ಕಚೇರಿ ಕೆಲಸ ನೋಡಿಕೊಳ್ಳುವವರು. ವಾಟ್ಸ್‌ಆ್ಯಪ್‌ಗೆ ಬರುವ ವಿಚಾರಣೆಗೆ ಉತ್ತರ, ಬುಕಿಂಗ್ ಲೆಕ್ಕ, ಇನ್‌ಸ್ಟಾಗ್ರಾಂಗೆ ಫೋಟೊ, ಸಿಟ್ಟಾದ ಅತಿಥಿಯ ವಿಮರ್ಶೆಗೆ ಸಮಾಧಾನದ ಮಾತು, ತೆರಿಗೆ ಸಲಹೆಗಾರರಿಗೆ ಬಿಲ್ಲುಗಳು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿಸಬೇಕು, ಅದೂ ನನ್ನದೇ. ಇಷ್ಟೆಲ್ಲ ಮಾಡಿದರೂ ನೆಂಟರ ಮನೆಯಲ್ಲಿ ‘ಏನು ಮಾಡ್ಕೊಂಡಿದ್ದೀಯ?’ ಎಂದು ಕೇಳಿದರೆ ಅಮ್ಮ ಹೇಳುವುದು, ‘ಮನೆಯಲ್ಲೇ ಇದ್ದಾಳೆ, ಮೊಬೈಲಲ್ಲಿ ಎಂಥದೋ ಮಾಡ್ತಾಳೆ’.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಣ್ಣ ವ್ಯವಹಾರಗಳಿಗೆ ಇಂಥವರು ಬೇಕೇ ಬೇಕು. ಹೋಂಸ್ಟೇ ನಡೆಸುವವರು ಬಹುಪಾಲು ಕೃಷಿಕರು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಸುತ್ತಾ ತೋಟದಲ್ಲಿದ್ದರೆ ಫೋನ್ ಜಗಲಿಯಲ್ಲಿ ಹೊಡೆದುಕೊಳ್ಳುತ್ತಿರುತ್ತದೆ. ಪ್ರವಾಸಿಗರು ಕಾಯುವುದಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬರದಿದ್ದರೆ ಮುಂದಿನ ಹೋಂಸ್ಟೇಗೆ ಮೆಸೇಜ್ ಹಾಕುತ್ತಾರೆ. ನಮ್ಮ ಹೋಂಸ್ಟೇಯಲ್ಲಿ ತಲೆಗೆ 2,000 ರೂಪಾಯಿ. ನಾಲ್ಕು ಜನರ ಒಂದು ಕುಟುಂಬ ಕೈತಪ್ಪಿದರೆ ಹೋಗುವುದು 8,000. ನನ್ನ ಒಂದು ತಿಂಗಳ ಸಂಬಳ. ಊಟ, ಕೂಲಿ, ಬುಕಿಂಗ್ ತಾಣದ ಕಮಿಷನ್ ಎಲ್ಲ ಕಳೆದರೂ ತಿಂಗಳಿಗೆ ಎರಡು-ಮೂರು ಕುಟುಂಬಗಳನ್ನು ಉಳಿಸಿಕೊಟ್ಟರೆ ಸಹಾಯಕಿಯ ಸಂಬಳ ತಾನಾಗಿ ಹುಟ್ಟುತ್ತದೆ. ಕಾಫಿಪುಡಿ, ಜೇನು, ಮನೆಯ ಉಪ್ಪಿನಕಾಯಿ ಮಾರುವವರಿಗೂ ಇದೇ ಲೆಕ್ಕ.

ಹುಡುಕುವುದು ಎಲ್ಲಿ?

ವಿಚಿತ್ರ ಇರುವುದು ಇಲ್ಲಿ. ನಮ್ಮ ಕಡೆಯವರಿಗೆ ಇಂಥ ಸಹಾಯ ಬೇಕಾದಾಗ ಮೊದಲು ನೆನಪಾಗುವುದು ಬೆಂಗಳೂರಿನ ಏಜೆನ್ಸಿ. ನಮ್ಮ ಕಡೆಯ ಪದವೀಧರರಿಗೆ ಕೆಲಸ ಬೇಕಾದಾಗ ಮೊದಲು ನೆನಪಾಗುವುದೂ ಬೆಂಗಳೂರೇ. ಇಬ್ಬರೂ ರಾತ್ರಿ ಬಸ್ಸಿನ ಕಡೆ ಮುಖ ಮಾಡಿರುತ್ತಾರೆ. ಪಕ್ಕದ ಮನೆ ಕಾಣುವುದಿಲ್ಲ.

ನಾನೂ ಹೋಗಿದ್ದೆ. ಬಿ.ಕಾಂ ಮುಗಿಸಿ ಬೆಂಗಳೂರಿನಲ್ಲಿ ಎಂಟು ತಿಂಗಳು ಗ್ರಾಹಕರ ಕರೆಗಳಿಗೆ ಉತ್ತರಿಸಿದೆ. ಸಂಬಳ 19,000, ಪಿ.ಜಿಗೆ 8,500. ಅಮ್ಮನ ಆಪರೇಷನ್ ಆದಾಗ ವಾಪಸ್ ಬಂದವಳು ಮತ್ತೆ ಹೋಗಲಿಲ್ಲ. ಅದೇ ಹೊತ್ತಿಗೆ ಈ ಯಜಮಾನರು ಏಜೆನ್ಸಿಯೊಂದಕ್ಕೆ ತಿಂಗಳಿಗೆ 18,000 ಕೊಟ್ಟು ಕೈಸುಟ್ಟುಕೊಂಡಿದ್ದರು. ಏಜೆನ್ಸಿಯವರು ಅತಿಥಿಯೊಬ್ಬರಿಗೆ ‘ಕೊಪ್ಪ ರೈಲ್ವೆ ಸ್ಟೇಷನ್ನಿನಿಂದ ಆಟೊ ಸಿಗುತ್ತದೆ’ ಎಂದಿದ್ದರಂತೆ. ಕೊಪ್ಪಕ್ಕೆ ರೈಲೇ ಇಲ್ಲ! ಶಿವಮೊಗ್ಗದಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಇದು ಬರೀ ತಮಾಷೆಯ ಮಾತಲ್ಲ. ‘ಎಐ ಬಂದಿದೆ, ನಿಮ್ಮ ಕೆಲಸ ಎಷ್ಟು ದಿನ?’ ಎಂದು ಕೇಳುವವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಕೋಣೆಯ ದರ ಎಷ್ಟು, ಊಟ ಇದೆಯಾ ಎಂಬ ಪ್ರಶ್ನೆಗಳಿಗೆ ಯಂತ್ರ ನನಗಿಂತ ಬೇಗ ಉತ್ತರಿಸುತ್ತದೆ, ನಿದ್ದೆಯನ್ನೂ ಕೇಳುವುದಿಲ್ಲ. ಆ ಭಾಗದ ಕೆಲಸ ಹೋಗುತ್ತದೆ, ಒಪ್ಪಿಕೊಳ್ಳೋಣ. ಆದರೆ ಆಗುಂಬೆ ಘಾಟಿಯಲ್ಲಿ ಇವತ್ತು ದೊಡ್ಡ ಬಸ್ಸು ಬಿಡುತ್ತಾರಾ, ಸಿರಿಮನೆ ಜಲಪಾತಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಬಹುದಾ, ಮನೆ ದಾರಿಗೆ ಮರ ಬಿದ್ದಿದೆಯಾ ಎಂಬುದಕ್ಕೆ ಇಲ್ಲಿಯವರೇ ಬೇಕು. ನಮ್ಮ ಬಂಡವಾಳ ಇಂಗ್ಲಿಷ್ ಒಂದೇ ಅಲ್ಲ, ಊರಿನ ತಿಳಿವಳಿಕೆಯೂ ಹೌದು.

ಕಾನೂನಿನ ಕಣ್ಣಿಗೆ ಕಾಣದವರು

ಹಾಗಿದ್ದರೆ ಎಲ್ಲ ಸುಖವೇ? ಆ 3,000 ರೂಪಾಯಿ ಮರೆಯುವಂತಿಲ್ಲ. ನನ್ನ ನೇಮಕಾತಿ ನಡೆದದ್ದು ಅವರ ಜಗಲಿಯಲ್ಲಿ, ಕಾಫಿ ಕುಡಿಯುತ್ತಾ. ‘ನೀನು ನಮ್ಮ ಮನೆ ಮಗಳಿದ್ದಂಗೆ ಮಾರಾಯ್ತಿ, ನಮ್ಮಲ್ಲಿ ಪತ್ರ-ಗಿತ್ರ ಎಂಥಕ್ಕೆ?’ ಎಂದಿದ್ದರು. ನನಗೂ ಕೇಳಲು ಸಂಕೋಚ. ಕೆಲಸದ ವೇಳೆ ಇಷ್ಟು, ರಜೆ ಇಷ್ಟು, ಕರೆಂಟ್ ಹೋದರೆ ಯಾರು ಹೊಣೆ ಎಂಬುದು ಎಲ್ಲೂ ದಾಖಲಾಗಲಿಲ್ಲ. ಮನೆ ಮಗಳಿಗೆ ರಾತ್ರಿ ಹನ್ನೊಂದಕ್ಕೂ ಮೆಸೇಜ್ ಹಾಕಬಹುದು. ಆದರೆ ನಷ್ಟವಾದ ದಿನ ಮನೆ ಮಗಳು ನೌಕರಳಾಗುತ್ತಾಳೆ.

ಕಾನೂನಿನಲ್ಲಿ ನನಗೆ ಜಾಗವಿದೆಯೇ ಎಂದು ಹುಡುಕಿದೆ. ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಅದರಲ್ಲಿ ಕಲ್ಯಾಣ ಮಂಡಳಿ ಇದೆ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಶೇ 1ರಿಂದ 5ರವರೆಗೆ ಶುಲ್ಕವನ್ನು ಕಂಪನಿಗಳು ಕಟ್ಟಬೇಕು. ಒಳ್ಳೆಯ ಹೆಜ್ಜೆ. ಆದರೆ ಅದು ಆ್ಯಪ್ ಮೂಲಕ ಕೆಲಸ ಪಡೆಯುವವರಿಗೆ. ಜಗಲಿಯಲ್ಲಿ ಬಾಯಿಮಾತಿನಲ್ಲಿ ಕೆಲಸ ಹಿಡಿದ ನಾನು ಯಾವ ಆ್ಯಪಿನಲ್ಲೂ ಇಲ್ಲ. ಇತ್ತ ಯುವನಿಧಿಯ ಲೆಕ್ಕ ಬೇರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕರೆ ಭತ್ಯೆ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಆದರೆ ಪತ್ರವಿಲ್ಲದ, ನಾಳೆ ನಿಂತುಹೋಗಬಹುದಾದ ಕೆಲಸಕ್ಕಾಗಿ ಅದನ್ನು ಬಿಡುವಾಗ ಯಾರಿಗಾದರೂ ಕೈ ನಡುಗುತ್ತದೆ. ಸದ್ಯಕ್ಕೆ ನನ್ನಂಥವರು ಮಾಡಬಹುದಾದ ಒಂದು ಕೆಲಸವೆಂದರೆ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗೆ ಅದು ತೆರೆದಿದೆ.

ಯಜಮಾನರ ಕಡೆಗೂ ಅಪಾಯವಿದೆ. ಅತಿಥಿಗಳ ಆಧಾರ್ ಪ್ರತಿ, ಫೋನ್ ನಂಬರ್ ಎಲ್ಲ ನನ್ನ ಮೊಬೈಲಿನಲ್ಲಿವೆ. ನನ್ನ ಫೋನ್ ಕಳೆದುಹೋದರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿ ಪಡೆದ ವ್ಯವಹಾರವೇ ಅದಕ್ಕೆ ಹೊಣೆ. ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ದಾಟುವುದಿಲ್ಲ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಹಾಗಾಗಿ ಒಪ್ಪಂದದ ಕಾಗದ ಕೆಲಸದವರಿಗೆ ಎಷ್ಟು ಬೇಕೋ ಕೊಡುವವರಿಗೂ ಅಷ್ಟೇ ಬೇಕು.

ಸಹಕಾರ ಸಾರಿಗೆ ಕಲಿಸಿದ್ದು

ಒಂದು ಹೋಂಸ್ಟೇಗೆ ದಿನಕ್ಕೆ ಎರಡು-ಮೂರು ಗಂಟೆಯ ಕೆಲಸ. ಅಷ್ಟಕ್ಕೆ ಪೂರ್ತಿ ಸಂಬಳ ಕೊಡಲು ಅವರಿಂದ ಆಗದು. ಅಷ್ಟು ಸಂಬಳದಲ್ಲಿ ಬದುಕಲು ನಮ್ಮಿಂದ ಆಗದು. ಈ ಗಂಟು ಬಿಚ್ಚಲು ಕೊಪ್ಪದವರು ದೂರ ಹೋಗಬೇಕಿಲ್ಲ. ಶಂಕರ್ ಟ್ರಾನ್ಸ್‌ಪೋರ್ಟ್ ಮುಚ್ಚಿದಾಗ ಅದರ ಕಾರ್ಮಿಕರು ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸಿನಲ್ಲೇ ನಾವು ಶಾಲೆಗೆ ಹೋದವರು. ಚಾಲಕ, ನಿರ್ವಾಹಕರೇ ಮಾಲೀಕರು. ಮೂರು ದಶಕದ ಹತ್ತಿರ ಓಡಿ, ಆರ್ಥಿಕ ಸಂಕಷ್ಟದಿಂದ 2020ರಲ್ಲಿ ಅದು ನಿಂತಿತು. ನಿಂತಿದ್ದನ್ನಷ್ಟೇ ನೆನೆದು ಅನೇಕರು ‘ಸಹಕಾರ ಎಲ್ಲ ಆಗುವ ಮಾತಲ್ಲ’ ಎನ್ನುತ್ತಾರೆ. ನನಗೆ ಅದರಲ್ಲಿ ಎರಡು ಪಾಠ ಕಾಣುತ್ತದೆ: ಕೆಲಸ ಕಳೆದುಕೊಂಡವರು ಒಟ್ಟಾಗಿ ಕೆಲಸ ಹುಟ್ಟಿಸಬಹುದು; ಮತ್ತು ಒಗ್ಗಟ್ಟಿದ್ದರೂ ಆದಾಯ-ಖರ್ಚಿನ ಲೆಕ್ಕ ತಾಳೆಯಾಗದಿದ್ದರೆ ಬಂಡಿ ಓಡದು.

ಮಳೆಗಾಲ ಮುಗಿದ ಮೇಲೆ ನಾನು, ನನ್ನ ಇಬ್ಬರು ಸಹಪಾಠಿಗಳು ಒಟ್ಟಾದೆವು. ಇಬ್ಬರ ಮನೆ ಬೇರೆ ಬೇರೆ ಊರಲ್ಲಿ, ಒಬ್ಬಳದು ಕೊಪ್ಪ ಪೇಟೆಯಲ್ಲೇ. ಒಂದು ಕಡೆ ಕರೆಂಟ್ ಹೋದರೆ ಇನ್ನೊಂದು ಕಡೆಯವರು ನೋಡಿಕೊಳ್ಳುವುದು, ವಾರಕ್ಕೊಂದು ದಿನ ಪ್ರತಿಯೊಬ್ಬರಿಗೂ ರಜೆ. ಎರಡು ಹೋಂಸ್ಟೇ, ಒಂದು ಕಾಫಿಪುಡಿ ಘಟಕ, ತಲಾ 7,000.

ಹಳೆಯ ಯಜಮಾನರ ಬಳಿ ಈ ಸಲ ಒಂದು ಪುಟದ ಕಾಗದ ಹಿಡಿದು ಹೋದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಉತ್ತರ. ಸಂಬಳ ಪ್ರತಿ ತಿಂಗಳು ಐದನೇ ತಾರೀಕಿನೊಳಗೆ, ಬ್ಯಾಂಕ್ ಖಾತೆಗೆ. ಎರಡೂ ಬುಕಿಂಗ್ ತಾಣಗಳ ಕ್ಯಾಲೆಂಡರ್ ಒಂದಕ್ಕೊಂದು ಜೋಡಿಸಬೇಕು. ಅವರ ಪಾಸ್‌ವರ್ಡ್ ನಮಗೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಒಂದು ನಂಬರಿಗೆ ನಾಲ್ಕು ಸಾಧನ ಜೋಡಿಸಬಹುದು, ಅಷ್ಟು ಸಾಕು. ಅತಿಥಿ ಹೋದ ಮೇಲೆ ನಮ್ಮ ಫೋನಿನಲ್ಲಿರುವ ಗುರುತಿನ ಚೀಟಿಯ ಪ್ರತಿ ಅಳಿಸಬೇಕು. ಕರೆಂಟ್, ನೆಟ್‌ವರ್ಕ್ ಹೋಗಿ ಆಗುವ ನಷ್ಟವನ್ನು ಸಂಬಳದಿಂದ ಕಡಿಯುವಂತಿಲ್ಲ. ನಾವು ಅಸಡ್ಡೆ ಮಾಡಿದರೆ ಕೇಳಬಹುದು.

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಕ್ಯಾಲೆಂಡರ್ ಜೋಡಿಸಲು ಬರ್ತದೆ ಅಂತ ಮೊದಲೇ ಹೇಳಬಾರದಿತ್ತೇನೆ?’ ಎಂದರು. ಗೊತ್ತಿರಲಿಲ್ಲ, ಆಮೇಲೆ ಕಲಿತೆ ಎಂದೆ. ಅದು ನಿಜ, ಜುಲೈ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಸಹಿ ಹಾಕಿದರು. ಕಡಿದ 3,000ದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದು ಗೆದ್ದ ಕಥೆ ಅಂತ ಹೇಳಲಾರೆ. 21,000ವನ್ನು ಮೂವರು ಹಂಚಿಕೊಂಡರೆ ತಲೆಗೆ 7,000, ಮೊದಲಿಗಿಂತ ಕಡಿಮೆಯೇ. ಇನ್ನೂ ಮೂರು ವ್ಯವಹಾರ ಸಿಕ್ಕರೆ ಊರಲ್ಲಿ ಉಳಿಯುವ ಲೆಕ್ಕ ಕೂಡುತ್ತದೆ. ಮೂವರಲ್ಲಿ ಒಬ್ಬಳು ಸಂಕ್ರಾಂತಿ ಮುಗಿಸಿ ಬೆಂಗಳೂರಿಗೆ ಹೋದಳು. ಅವಳ ತಪ್ಪಲ್ಲ, ಮನೆಯ ಸಾಲ ಕಾಯುವುದಿಲ್ಲ.

ಈ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ನನ್ನದೊಂದೇ ಮಾತು. ಇಂಗ್ಲಿಷ್, ಕಂಪ್ಯೂಟರ್ ಎಲ್ಲ ಕಲಿಯಿರಿ. ಅದಕ್ಕಿಂತ ಮೊದಲು, ಪರಿಚಯದವರ ಎದುರು ಕೂತು ‘ಒಂದು ಕಾಗದದಲ್ಲಿ ಬರೆದುಕೊಳ್ಳೋಣ ಅಣ್ಣ’ ಎಂದು ಹೇಳುವುದನ್ನು ಕಲಿಯಿರಿ. ನನಗೆ ಆ ಒಂದು ವಾಕ್ಯ ಹೇಳಲು ಒಂದು ಮಳೆಗಾಲ ಹಿಡಿಯಿತು.

ಮೊನ್ನೆ ನೆಂಟರ ಮನೆಯ ಪೂಜೆಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಅಮ್ಮ ಈ ಸಲ ಸ್ವಲ್ಪ ಯೋಚಿಸಿ ಹೇಳಿದಳು: ‘ಅವಳಿಗೆ ಕೆಲಸ ಇದೆ. ಎಂಟು ಗಂಟೆ ಮೇಲೆ ಫೋನ್ ತೆಗೆಯೋದಿಲ್ಲ’.