ನೋಡಿದ್ದು, ಓದಿದ್ದು: ಹಿನ್ನೀರಿನ ದಂಡೆಯಲ್ಲಿ ‘ದ್ವೀಪ’

ಚಿತ್ರವೊಂದು ತೆರೆ ಕಂಡ ವಾರದಲ್ಲಿಯೇ ಅದನ್ನು ಕುರಿತು ಎರಡು ಮಾತು ಆಡಿಬಿಡಬೇಕೆಂಬ ಆತುರ ಚಿತ್ರರಸಿಕರಿಗೆ ಸಹಜವಾದದ್ದೇ. ಆದರೆ ಕೆಲವು ಚಿತ್ರಗಳು ನೋಡುವವನ ಊರನ್ನು ಹುಡುಕಿಕೊಂಡು ತಡವಾಗಿ ಬರುತ್ತವೆ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ 2002ನೆಯ ವರ್ಷದ ಚಿತ್ರ. ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಅದಕ್ಕೆ ದೊರೆಯಿತು, ಛಾಯಾಗ್ರಾಹಕ ಎಚ್. ಎಂ. ರಾಮಚಂದ್ರರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಇದೆಲ್ಲ ಹಳೆಯ ಸುದ್ದಿ. ಆದರೂ ಅದೇ ಚಿತ್ರವನ್ನು ಇಂದು ಕೃಷ್ಣೆಯ ದಂಡೆಯ ಕೊಲ್ಹಾರದಲ್ಲಿ ಕುಳಿತು ನೋಡಿದರೆ, ನಾ. ಡಿಸೋಜರ ಮೂಲ ಕಾದಂಬರಿಯನ್ನೂ ಅದರ ಬೆನ್ನಿಗೇ ಓದಿದರೆ, ಸುದ್ದಿ ಹಳೆಯದಾದರೂ ಸಂಗತಿ ಹಳೆಯದಾಗಿಲ್ಲವೆಂಬುದು ಮನದಟ್ಟಾಗುತ್ತದೆ.

ಕೊಲ್ಹಾರವೆಂದೊಡನೆ ಹೊರಗಿನವರ ನೆನಪಿಗೆ ಬರುವುದು ಮೊಸರು. ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೊರಟ ಪ್ರಯಾಣಿಕರು ಇಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರನ್ನು ಕೊಂಡು ಮುಂದೆ ಸಾಗುತ್ತಾರೆ. ಕೊರ್ತಿಯ ಕಡೆಗೆ ಚಾಚಿದ ಉದ್ದನೆಯ ಸೇತುವೆಯ ಮೇಲೆ ಬಸ್ಸು ಏರಿದಾಗ, ಎರಡೂ ಕಡೆಗೆ ಕಣ್ಣು ಹಾಯುವಷ್ಟು ದೂರ ಹಬ್ಬಿದ ನೀರನ್ನು ಕಂಡು ಹಿಗ್ಗುತ್ತಾರೆ. ಹಳೆಯ ಕೊಲ್ಹಾರ ಆ ನೀರಿನ ಪಾಲಾಯಿತೆಂಬುದು ಆ ಹಿಗ್ಗಿನಲ್ಲಿ ಯಾರಿಗೆ ಹೊಳೆಯಬೇಕು? ಈಗಿನ ಊರು ಎತ್ತರದ ನೆಲದಲ್ಲಿ ಹೊಸದಾಗಿ ನೆಲೆಗೊಂಡದ್ದು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟದ್ದು 1964ರಲ್ಲಿ. ಡಿಸೋಜರ ಕಥಾಲೋಕಕ್ಕೆ ಕಾರಣವಾದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ 1964ರಲ್ಲಿಯೇ. ಒಂದು ನದಿಯ ದಂಡೆಯ ಜನ ಗಂಟುಮೂಟೆ ಕಟ್ಟಿ ಹೊರಟ ಕಾಲಕ್ಕೆ ಇನ್ನೊಂದು ನದಿಯ ದಂಡೆಯಲ್ಲಿ ಮೊದಲ ಕಲ್ಲು ಬಿದ್ದಿತ್ತು.

ಚಿತ್ರದ ಕಥೆ ಚಿಕ್ಕದು. ಸೀತಾಪರ್ವತದ ಗುಡಿಯ ಪೂಜಾರಿ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ಅಣೆಕಟ್ಟಿನ ನೀರು ಏರುತ್ತ ಬರುತ್ತದೆ. ಊರವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ. ಈ ಮನೆಯವರು ಮಾತ್ರ ಉಳಿಯುತ್ತಾರೆ. ಹೊಲಕ್ಕೆ ಬೆಲೆ ಕಟ್ಟಬಹುದು, ಮನೆಯ ತೊಲೆ ಬಾಗಿಲುಗಳಿಗೂ ಕಟ್ಟಬಹುದು. ಊರವರು ತಲೆಬಾಗಿ ಪ್ರಸಾದ ಪಡೆಯುತ್ತಿದ್ದ ಆ ಗೌರವಕ್ಕೆ ಯಾವ ಕಚೇರಿ ಬೆಲೆ ಕಟ್ಟೀತು? ದುಗ್ಗಜ್ಜನಾಗಿ ‘ಚೋಮನ ದುಡಿ’ಯ ಎಂ. ವಿ. ವಾಸುದೇವರಾವ್ ಅವರು ಹೆಚ್ಚು ಮಾತಿಲ್ಲದೆಯೇ ಈ ಪ್ರಶ್ನೆಯನ್ನು ನೋಡುವವರ ಮುಂದಿಡುತ್ತಾರೆ. ಗಣಪನಾಗಿ ಅವಿನಾಶರದು ಹದವರಿತ ಅಭಿನಯ. ಆದರೆ ಚಿತ್ರ ನಾಗಿಯದು. ಬಣ್ಣದ ಚಿತ್ರಗಳ ನಾಯಕಿಯೆಂದೇ ಹೆಸರಾಗಿದ್ದ ಸೌಂದರ್ಯ ಇದನ್ನು ತಾವೇ ನಿರ್ಮಿಸಿ, ಮಳೆಯಲ್ಲಿ ನೆನೆದು, ಈ ಪಾತ್ರದಲ್ಲಿ ಬದುಕಿದರು. 2004ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಈ ಕಲಾವಿದೆಯ ಹೆಸರು ಉಳಿಯಲು ‘ದ್ವೀಪ’ವೊಂದೇ ಸಾಕು. ಕೊನೆಗೆ ನೀರು ಇಳಿದಾಗ ಗಣಪ ಅದನ್ನು ದೇವರ ಕೃಪೆಯೆನ್ನುತ್ತಾನೆ. ರಾತ್ರಿಹಗಲು ಮನೆಯನ್ನು ಹಿಡಿದು ನಿಲ್ಲಿಸಿದವಳ ಹೆಸರು ಅವನ ಬಾಯಿಗೆ ಬರುವುದೇ ಇಲ್ಲ. ಆಗಿನ ಅವಳ ಮುಖವನ್ನು ವಾಚಕರು ನೋಡಿಯೇ ತಿಳಿಯಬೇಕು.

ಇಷ್ಟು ಮೆಚ್ಚಿಕೊಂಡ ಮೇಲೆಯೂ ಕೊಲ್ಹಾರದ ಪ್ರೇಕ್ಷಕನಿಗೆ ಎರಡು ಮಾತು ಉಳಿದೇ ಉಳಿಯುತ್ತವೆ. ಮೊದಲನೆಯದು ಮಳೆ. ಚಿತ್ರದ ತುಂಬ ಮಲೆನಾಡಿನ ಮಳೆ ಸುರಿಯುತ್ತದೆ. ಹಸುರು ಎಷ್ಟು ಚೆಲುವಾಗಿ ಕಾಣುತ್ತದೆಂದರೆ ಕೆಲವೆಡೆ ಸಂಕಟವೇ ಮರೆತುಹೋಗುವಷ್ಟು. ಕೃಷ್ಣೆಯ ದಂಡೆಯ ಅನುಭವ ಬೇರೆ. ಇಲ್ಲಿ ನೀರು ಬಿಸಿಲಲ್ಲಿಯೇ ಏರುತ್ತದೆ. ಮಳೆ ಬೀಳುವುದು ಮಹಾಬಳೇಶ್ವರದಲ್ಲಿ, ಕೊಯ್ನೆಯ ಕೊಳ್ಳದಲ್ಲಿ. ಇಲ್ಲಿಯ ಎರೆಭೂಮಿಯ ಜೋಳ ಒಂದು ಹದ ಮಳೆಗಾಗಿ ಬಾಯ್ತೆರೆದಿರುವಾಗಲೇ ಹೊಳೆ ದಂಡೆಯನ್ನು ಮೀರಿ ಬರುತ್ತದೆ. ಬರಗಾಲಕ್ಕೆ ಹೆಸರಾದ ಜಿಲ್ಲೆ ನೀರಿನಲ್ಲಿ ಮುಳುಗುವ ಈ ವಿಚಿತ್ರವನ್ನು ತೋರಿಸುವುದಕ್ಕೆ ಬೇರೆಯ ಕ್ಯಾಮರಾವೇ ಬೇಕು. ಇನ್ನೂ ಒಂದು ಸಂಗತಿ: ಆಲಮಟ್ಟಿಯಲ್ಲಿ ಈಗ ನಿಲ್ಲುವ ನೀರಿನ ಗರಿಷ್ಠ ಮಟ್ಟ 519.60 ಮೀಟರು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256 ಮೀಟರು. ನಡುವಣ ಈ ನಾಲ್ಕೂವರೆ ಮೀಟರಿನ ಲೆಕ್ಕ ಹಿನ್ನೀರಿನ ಹಳ್ಳಿಗಳ ಮಾತುಕತೆಯಲ್ಲಿ ಸುಳಿಯುತ್ತಿರುವವರೆಗೆ ‘ದ್ವೀಪ’ ಇಲ್ಲಿ ಹಳೆಯ ಚಿತ್ರವಾಗುವುದು ಹೇಗೆ?

ಎರಡನೆಯ ಮಾತು ಸ್ವಲ್ಪ ಕಟುವಾದದ್ದು. ನಾಗಿಯ ತವರಿನ ಕಡೆಯ ಕೃಷ್ಣ ಬಂದ ಮೇಲೆ ಕಥೆ ಗಂಡನ ಸಂಶಯದ ಕಡೆಗೆ ಹೊರಳುತ್ತದೆ. ಅಣೆಕಟ್ಟು ಹಿನ್ನೆಲೆಗೆ ಸರಿಯುತ್ತದೆ. ಉಳಿದವರ ಛಲವನ್ನು ಕ್ಯಾಮರಾ ಕೊನೆಯವರೆಗೂ ಹಿಂಬಾಲಿಸುತ್ತದೆ. ದೋಣಿ ಹತ್ತಿ ಹೊರಟವರು ತೆರೆಯ ಅಂಚನ್ನು ದಾಟಿದೊಡನೆ ಮರೆಯಾಗುತ್ತಾರೆ. ಕೊಲ್ಹಾರವೆಂದರೆ ಹಾಗೆ ಹೊರಟವರ ಊರು. ಅವರು ಎಲ್ಲಿಗೆ ಹೋದರು, ಹೊಸ ಮನೆಯ ಹೊಸ್ತಿಲನ್ನು ಮೊದಲ ದಿನ ಹೇಗೆ ದಾಟಿದರು, ಯಾರ ಪಕ್ಕದಲ್ಲಿ ಯಾರ ಮನೆ ಬಂದಿತು, ಪರಿಹಾರದ ಹಣ ಎಷ್ಟು ದಿನ ಬಾಳಿತು ಎಂಬ ಪ್ರಶ್ನೆಗಳು ಇಲ್ಲಿಯ ಪ್ರೇಕ್ಷಕನಿಗೆ ನಾಗಿಯ ಕಣ್ಣೀರಿನಷ್ಟೇ ದೊಡ್ಡವು.

ಮಾತಿನ ಸೊಗಡಿಗಾಗಿ ಉತ್ತರದ ಕಡೆಯ ಚಿತ್ರವೇ ಬೇಕೆನ್ನುವವರು ಕಾಸರವಳ್ಳಿಯವರದೇ ‘ತಾಯಿ ಸಾಹೇಬ’ವನ್ನು ನೋಡಬಹುದು. ರಂ. ಶಾ. ಲೋಕಾಪುರರ ಕಾದಂಬರಿಯನ್ನು ಆಧರಿಸಿದ ಈ 1997ರ ಚಿತ್ರಕ್ಕೂ ಸ್ವರ್ಣಕಮಲ ಬಂದಿದೆ. ಉಡಿಗೆ ತೊಡಿಗೆಗಳನ್ನು ಒಪ್ಪವಾಗಿ ರೂಪಿಸಿದ ವೈಶಾಲಿ ಕಾಸರವಳ್ಳಿಯವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಅಲ್ಲಿ ಜಯಮಾಲಾ, ಇಲ್ಲಿ ಸೌಂದರ್ಯ: ನಾಯಕಿಯರೇ ಕೈಯಿಂದ ಹಣ ಹಾಕಿ ಇಂಥ ಚಿತ್ರಗಳನ್ನು ಮಾಡಬೇಕಾಯಿತೆಂಬುದನ್ನು ಚಿತ್ರೋದ್ಯಮದ ಧಣಿಗಳು ಗಮನಿಸಿದರೆ ಕೇಡಿಲ್ಲ.

ಇನ್ನು ಪುಸ್ತಕದ ಮಾತು. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ‘ದ್ವೀಪ’ ಕಾದಂಬರಿಯಲ್ಲಿ ಚಿತ್ರದ ಚೆಲುವಿಲ್ಲ. ಅದರ ಬದಲು ನೀರಿನ ಮಟ್ಟವನ್ನು ದಿನದಿನವೂ ನೋಡುತ್ತ ಕೂತವನ ದಿಗಿಲಿದೆ. ಭಾಷೆ ಸರಳ, ಅಲಂಕಾರಕ್ಕೆ ಅವರು ಕೈಹಾಕುವುದಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಮಕ್ಕಳಿಗಾಗಿ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. ಹೊಸ ಕೊಲ್ಹಾರದಲ್ಲಿಯೇ ಹುಟ್ಟಿ, ಹಳೆಯ ಊರನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಕೇಳಿದ ಹುಡುಗ ಹುಡುಗಿಯರು ಈಗ ಶಾಲೆ ಕಲಿಯುತ್ತಿದ್ದಾರೆ. ಬೇಸಿಗೆಯ ರಜೆಯಲ್ಲಿ, ಹಿನ್ನೀರು ಹಿಂದೆ ಸರಿದು ಕೆಸರಿನ ಬಯಲು ಹೊರಬೀಳುವ ದಿನಗಳಲ್ಲಿ, ಅವರ ಕೈಗೆ ಈ ಪುಸ್ತಕವನ್ನು ಕೊಡಬೇಕು.