ದತ್ತು ಕೊಟ್ಟರೆ ಹೊಣೆ ತೀರಿತೆ?

ಸಿಡ್ನಿ, ಮೆಲ್ಬರ್ನ್‌ಗಳ ನಾವು ಮಕ್ಕಳಿಗೆ ಹಿಮ ತೋರಿಸಲು ಹೋಗುವ ಕೋಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಬ್ರಂಬಿಗಳೆಂಬ ಕಾಡುಕುದುರೆಗಳಿವೆ. ಕುದುರೆ ಈ ಖಂಡಕ್ಕೆ ಬಂದದ್ದು 1788ರಲ್ಲಿ, ವಸಾಹತುಗಾರರ ಹಡಗುಗಳಲ್ಲಿ. ನ್ಯೂ ಸೌತ್ ವೇಲ್ಸ್ 2018ರಲ್ಲಿ ಕಾನೂನು ಮಾಡಿ ಬ್ರಂಬಿಗಳನ್ನು ‘ಪರಂಪರೆ’ ಎಂದಿತು; 2023ರಲ್ಲಿ ಅವಕ್ಕೆ ಹೆಲಿಕಾಪ್ಟರಿನಿಂದ ಗುಂಡಿಕ್ಕಲು ಅನುಮತಿಸಿತು. ನಡುವಿನ ಕರುಣೆಯ ದಾರಿಯೇ ದತ್ತು.

ಕುದುರೆಗಳ ಸಂಖ್ಯೆ ತಗ್ಗಲೇಬೇಕು. ಅವುಗಳ ಗೊರಸಿನಡಿ ಜೌಗುನೆಲ ನಲುಗುತ್ತದೆ, ಅದನ್ನೇ ನಂಬಿದ ಕರಾಬರಿ ಕಪ್ಪೆ ನೆಲೆ ಕಳೆದುಕೊಳ್ಳುತ್ತದೆ. ನನ್ನ ತಕರಾರು ದತ್ತನ್ನು ಕೈ ತೊಳೆದುಕೊಳ್ಳುವ ಉಪಾಯವಾಗಿಸುವುದಕ್ಕೆ.

ಮನುಷ್ಯನ ನೆರಳಿಗೂ ಬೆದರುವ ಕುದುರೆ ಸ್ಪರ್ಶವನ್ನು ಸಹಿಸಿ, ಹಗ್ಗಕ್ಕೆ ಒಗ್ಗಿ, ಲಾಳ ಕಟ್ಟುವವನಿಗೆ ಕಾಲೆತ್ತಿ ಕೊಡುವಂತಾಗಲು ತಿಂಗಳುಗಳೇ ಬೇಕು. ಆ ತಾಳ್ಮೆಗೆ ಹುಲ್ಲುಗಾವಲು, ಪಳಗಿದ ಕೈ, ಹಣ ಮೂರೂ ಬೇಕು. ಇವಿಲ್ಲದ ದತ್ತು ಬರಿಯ ಸಾಗಾಟ. 2024ರಲ್ಲಿ ವಾಗಾ ವಾಗಾ ಬಳಿಯ ಜಮೀನೊಂದರಲ್ಲಿ 500ಕ್ಕೂ ಹೆಚ್ಚು ಕುದುರೆಗಳ ಅವಶೇಷಗಳು ಸಿಕ್ಕವು. ದತ್ತು ಹೋದ ಬ್ರಂಬಿಗಳ ಗತಿಯೇನು ಎಂಬ ಪ್ರಶ್ನೆ ಆಗ ಎದ್ದಿತು.

ಆದ್ದರಿಂದ ಪಳಗಿಸುವವರಿಗೆ ಸರಕಾರವೇ ಸಾಕಷ್ಟು ವೇತನ ಕೊಡಲಿ. ಉದ್ಯಾನದಿಂದ ಹೊರಹೋದ ಪ್ರತಿ ಕುದುರೆ ಎಲ್ಲಿದೆ, ಹೇಗಿದೆ ಎಂಬ ಲೆಕ್ಕ ವರ್ಷವರ್ಷವೂ ಸಾರ್ವಜನಿಕವಾಗಲಿ. ಇಲ್ಲಿ ಮತ ಹಾಕುವ ನಾವು ಇದನ್ನು ಕೇಳದಿದ್ದರೆ, ನಮ್ಮ ಪ್ರಾಣಿದಯೆ ರಜೆಯಲ್ಲಿ ತೆಗೆದ ಚಿತ್ರಗಳಷ್ಟಕ್ಕೇ ಮುಗಿಯುತ್ತದೆ.